ಸೀಟಿ ಮಾಮನ ಡಿಸ್‌ಮಿಸ್

ನಗರಸಭೆಯ ಈಜುಕೊಳಕ್ಕೆ ಬರುವ ಮಕ್ಕಳಿಗೆಲ್ಲ ಅವನು ಸೀಟಿ ಮಾಮ. ಆ ಮಕ್ಕಳ ಅಪ್ಪ ಅಮ್ಮಂದಿರಿಗೂ ಸೀಟಿ ಮಾಮನೇ. ಅವರಲ್ಲಿ ಎಷ್ಟೋ ಜನ ಅವನ ಕಣ್ಣೆದುರಿಗೇ ನೀರು ಕುಡಿದು, ಕೆಮ್ಮಿ, ಅತ್ತು, ಈಜು ಕಲಿತವರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ, ಮೊಣಕಾಲವರೆಗಿನ ನೀಲಿ ಚಡ್ಡಿ, ಹೆಗಲ ಮೇಲೊಂದು ಟವೆಲು. ನೀರಿಗೆ ಬೆರೆಸುವ ಔಷಧದ ಘಾಟಿಗೆ ಕಣ್ಣು ಸದಾ ಕೆಂಪು. ಹೊಸಬರು ‘ಈ ಮನುಷ್ಯ ಬೆಳಗ್ಗೆ ಬೆಳಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ’ ಎಂದು ಗುಸುಗುಸು ಮಾಡುವುದಿತ್ತು. ಹಳಬರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಜನ್ಮದಲ್ಲಿ ಕುಡಿದದ್ದೆಂದರೆ ಚಹಾ, ಅದೂ ಸಕ್ಕರೆ ಕಮ್ಮಿ.

ಎತ್ತರದ ಕಬ್ಬಿಣದ ಕುರ್ಚಿಯ ಮೇಲೆ ಕೂತು ನೀರನ್ನು ನೋಡುವುದು ಅವನ ಕೆಲಸ. ‘ಕೂತು ನೋಡೋದಕ್ಕೂ ಸಂಬಳ ಕೊಡ್ತಾರಲ್ಲ, ನಿಮ್ಮ ಅದೃಷ್ಟವೇ ಅದೃಷ್ಟ’ ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿ ಹಂಗಿಸಿದ್ದಳು. ಅವಳು ಹೊಲಿಗೆ ಅಂಗಡಿಯಲ್ಲಿ ಬಗ್ಗಿದ ತಲೆ ಎತ್ತದೆ ದುಡಿಯುವವಳು. ಅವಳ ಲೆಕ್ಕದಲ್ಲಿ ಕೈ ಆಡದಿದ್ದರೆ ಅದು ಕೆಲಸವೇ ಅಲ್ಲ. ಒಂದು ಭಾನುವಾರ ಅವನು ಅವಳನ್ನು ಕರೆದುಕೊಂಡು ಹೋಗಿ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡ.

‘ಎಲ್ಲಾ ತಲೆಗಳನ್ನೂ ನೋಡ್ತಾ ಇರು. ಒಂದೂ ತಪ್ಪಬಾರದು.’

ಸ್ವಲ್ಪ ಹೊತ್ತಿಗೇ ಅವಳಿಗೆ ಕಣ್ಣು ಕತ್ತಲೆ ಬಂತು. ‘ಕಿರುಚೋರ ಕಡೆಗೇ ಕಣ್ಣು ಹೋಗಿಬಿಡುತ್ತಲ್ರೀ’ ಎಂದಳು.

‘ಕಿರುಚೋರಿಗೆ ಏನೂ ಆಗಿರಲ್ಲ. ಮುಳುಗೋನು ಸದ್ದೇ ಮಾಡಲ್ಲ ಕಣೇ.’

ಅಂದಿನಿಂದ ಅವಳು ಆ ಕೆಲಸವನ್ನು ತಮಾಷೆ ಮಾಡಲಿಲ್ಲ.

ನೀರಿಗೆ ಹೆದರದ ಈ ಮನುಷ್ಯ ಒಂದು ಇಂಗ್ಲಿಷ್ ಪದಕ್ಕೆ ಹೆದರುತ್ತಿದ್ದ. ಅವನು ಚಿಕ್ಕವನಿದ್ದಾಗ ಅಪ್ಪ ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಒಂದು ದಿನ ನಡು ಮಧ್ಯಾಹ್ನ ಅಪ್ಪ ಮನೆಗೆ ಬಂದುಬಿಟ್ಟ. ಕೈಯಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ. ಏನಾಯಿತೆಂದು ಅಮ್ಮ ಕೇಳಿದ್ದಕ್ಕೆ ‘ಡಿಸ್‌ಮಿಸ್ ಮಾಡಿದ್ರು’ ಎಂದವನೇ ಗೋಡೆಗೆ ಮುಖ ಮಾಡಿ ಮಲಗಿಕೊಂಡ. ಅದೇನೋ ಜ್ವರದ ಹೆಸರು ಎಂದು ಹುಡುಗನಿಗೆ ಅನಿಸಿತು. ಜ್ವರ ಬಂದವರ ಹಾಗೆಯೇ ಅಪ್ಪ ಊಟ ಬೇಡ ಎನ್ನುತ್ತಿದ್ದ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದ. ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ, ‘ಅಜ್ಜಿ, ಡಿಸ್‌ಮಿಸ್‌ಗೆ ಯಾವ ಕಷಾಯ ಕೊಡಬೇಕು?’ ಎಂದು ಕೇಳಿದ್ದ. ಅಜ್ಜಿ ನಗಲಿಲ್ಲ. ಅವನ ತಲೆ ಸವರಿ ಒಳಗೆ ಹೋಗಿಬಿಟ್ಟಳು.

ಅಪ್ಪನಿಗೆ ಆಮೇಲೆ ಗೋದಾಮೊಂದರಲ್ಲಿ ಮೂಟೆ ಹೊಲಿಯುವ ಕೆಲಸ ಸಿಕ್ಕಿತು. ಸಂಸಾರ ಹೇಗೋ ತೆವಳಿಕೊಂಡು ಸಾಗಿತು. ಆದರೆ ಬೀದಿಯ ನಟ್ಟನಡುವೆ ಎದೆ ಸೆಟೆಸಿ ನಡೆಯುತ್ತಿದ್ದ ಅಪ್ಪ ಗೋಡೆ ಬದಿಗೆ ಸರಿದು ನಡೆಯತೊಡಗಿದ್ದು ಹಾಗೆಯೇ ಉಳಿಯಿತು. ಮನೆಯಲ್ಲಿ ಆ ಪದವನ್ನು ಯಾರೂ ಎತ್ತುತ್ತಿರಲಿಲ್ಲ. ರೇಡಿಯೋದಲ್ಲಿ ಕ್ರಿಕೆಟ್ ವಿವರಣೆ ಹೇಳುವವರು ಯಾರೋ ಆಟಗಾರ ಡಿಸ್‌ಮಿಸ್ ಆದ ಎಂದರೂ ಸಾಕು, ಅಮ್ಮ ಎದ್ದುಹೋಗಿ ಕಿವಿ ಹಿಂಡಿದ ಹಾಗೆ ಗುಂಡಿ ತಿರುಗಿಸುತ್ತಿದ್ದಳು.

ಅಕ್ಕ ಓದಿನಲ್ಲಿ ಚುರುಕು. ತರಬೇತಿ ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆದಳು. ಅವನಿಗೆ ಪುಸ್ತಕ ಹಿಡಿದರೆ ಆಕಳಿಕೆ. ಊರಾಚೆ ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ ನೀರು ನಿಂತಿತ್ತು. ಶಾಲೆ ತಪ್ಪಿಸಿ ಅಲ್ಲಿ ಬಿದ್ದುಕೊಂಡಿರುತ್ತಿದ್ದ. ಆ ವಿದ್ಯೆಯೇ ಕೊನೆಗೆ ಕೈ ಹಿಡಿಯಿತು. ಈಜುಕೊಳದಲ್ಲಿ ನೆಲ ಉಜ್ಜುವವನಾಗಿ ಸೇರಿದವನು, ಒಮ್ಮೆ ಮುಳುಗುತ್ತಿದ್ದ ಹೆಂಗಸನ್ನು ಪೊರಕೆ ಬಿಸಾಕಿ ಹಾರಿ ಎಳೆದು ತಂದ ಮೇಲೆ, ತರಬೇತಿಗೆ ಹೋಗಿ ಜೀವರಕ್ಷಕನಾದ.

ಹೀಗೆ ವರ್ಷಗಳು ಕಳೆದವು. ತಲೆ ಅರ್ಧ ನರೆಯಿತು. ಅಷ್ಟರಲ್ಲಿ ಊರಿನ ಒಬ್ಬ ಟೈಲ್ಸ್ ಅಂಗಡಿಯವನ ಪ್ರಸಂಗ ನಡೆಯಿತು.

ಕೊಳದ ಆಳದ ಬದಿಗೆ ಇಳಿಯಬೇಕಾದರೆ ಪರೀಕ್ಷೆ ಪಾಸಾಗಿ ಪರ್ಮಿಟ್ ತೆಗೆದುಕೊಂಡಿರಬೇಕು. ಟೈಲ್ಸ್ ಅಂಗಡಿಯವನಿಗೆ ಪರ್ಮಿಟ್ ಇರಲಿಲ್ಲ. ಹೊಟ್ಟೆ ತುಂಬ ಊಟ ಮಾಡಿದ್ದ ಬೇರೆ. ಗೆಳೆಯರ ಜೊತೆ ಬಾಜಿ ಕಟ್ಟಿದವನ ಹಾಗೆ ಬಂದು, ಸೀಟಿ ಊದುತ್ತಿದ್ದರೂ ಲೆಕ್ಕಿಸದೆ ಆಳಕ್ಕೆ ಹಾರಿದ. ಒಂದು ಸಲ ಮೇಲೆ ಬಂದ. ಬಾಯಿ ತೆರೆದ, ಸದ್ದು ಬರಲಿಲ್ಲ. ಗೆಳೆಯರು ಇನ್ನೂ ನಗುತ್ತಲೇ ಇದ್ದರು, ಸೀಟಿ ಮಾಮ ಆಗಲೇ ನೀರೊಳಗಿದ್ದ.

ಎತ್ತಿ ಅಂಚಿನ ಮೇಲೆ ಮಲಗಿಸಿದಾಗ ಉಸಿರಿರಲಿಲ್ಲ, ನಾಡಿಯೂ ಸಿಗಲಿಲ್ಲ. ಸೀಟಿ ಮಾಮ ಮಂಡಿಯೂರಿ ಎರಡೂ ಅಂಗೈ ಎದೆಯ ನಡುವೆ ಊರಿ ಒತ್ತತೊಡಗಿದ. ಒತ್ತುವಾಗ ಕೈಯಡಿಯಲ್ಲಿ ಲಟಕ್ ಎಂದಿತು. ಇನ್ನೊಮ್ಮೆ ಲಟಕ್. ಪಕ್ಕೆಲುಬು ಹೋಯಿತೆಂದು ಗೊತ್ತಾಯಿತು. ತರಬೇತಿಯಲ್ಲಿ ಹೇಳಿದ್ದರು: ಎಲುಬು ಮುರಿದರೂ ನಿಲ್ಲಿಸಬೇಡಿ, ಎಲುಬು ಕೂಡುತ್ತದೆ, ನಿಂತ ಎದೆ ತಾನಾಗಿ ಶುರುವಾಗುವುದಿಲ್ಲ. ಅವನು ನಿಲ್ಲಿಸಲಿಲ್ಲ. ಕಡೆಗೆ ಮನುಷ್ಯ ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟ. ಆಸ್ಪತ್ರೆಗೆ ಅಡ್ಮಿಟ್ ಮಾಡಿದರು. ಅಂದು ಸೀಟಿ ಮಾಮನಿಗೆ ಎಲ್ಲರೂ ಕೈ ಕುಲುಕಿದ್ದೇ ಕುಲುಕಿದ್ದು.

ಆ ಕೈಕುಲುಕಿನ ಬಿಸಿ ಆರುವ ಮೊದಲೇ ಕೋರ್ಟಿನ ನೋಟೀಸು ಬಂತು. ಜೀವರಕ್ಷಕ ಒರಟಾಗಿ ನಡೆದುಕೊಂಡು ಪಕ್ಕೆಲುಬು ಮುರಿದಿದ್ದಾನೆ, ನಗರಸಭೆಯೂ ಅವನೂ ಸೇರಿ ಪರಿಹಾರ ಕೊಡಬೇಕು ಎಂದು ಟೈಲ್ಸ್ ಅಂಗಡಿಯವನು ದಾವೆ ಹೂಡಿದ್ದ. ಓದಿಸಿಕೊಂಡು ಕೇಳಿದ ಹೆಂಡತಿ, ‘ಬದುಕಿರೋದಕ್ಕೆ ತಾನೆ ಕೋರ್ಟಿಗೆ ಹೋಗಿರೋದು? ಸತ್ತಿದ್ರೆ ಹೋಗ್ತಿದ್ನಾ?’ ಎಂದು ಕೂಗಾಡಿದಳು. ನಗರಸಭೆಯ ಅಧಿಕಾರಿ ಕೂಗಾಡಲಿಲ್ಲ. ‘ನೋಡಪ್ಪಾ, ತೀರ್ಪು ಬರೋವರೆಗೆ ಟಿಕೆಟ್ ಕಿಟಕೀಲಿ ಕೂತಿರು. ತೀರ್ಪು ಹೆಚ್ಚುಕಮ್ಮಿ ಆದ್ರೆ ನಿನ್ನ ಕೆಲಸದ ವಿಷಯ ನನ್ನ ಕೈಲಿರಲ್ಲ’ ಎಂದ.

ಟಿಕೆಟ್ ಕಿಟಕಿಯಿಂದ ನೀರು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಸದ್ದು ನಿಂತಾಗೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಕೆಲವೊಮ್ಮೆ ಚಿಲ್ಲರೆ ಕೊಡುವುದನ್ನು ಬಿಟ್ಟು ಓಡಿಹೋಗಿ ಇಣುಕಿ ಬರುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗ ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ‘ಜೋರಾಗಿ ಒತ್ತಿಬಿಟ್ನೇನೋ’ ಎಂದು ಒಮ್ಮೆ ಮೆಲ್ಲಗೆ ಅಂದ. ‘ಬಾಯಿ ಮುಚ್ಕೊಂಡು ಊಟ ಮಾಡ್ರೀ’ ಎಂದು ಹೆಂಡತಿ ಗದರಿದಳು. ಬಾಯಿ ಮುಚ್ಚಿಕೊಂಡು ಊಟ ಮಾಡುವುದು ಹೇಗೆಂದು ಇನ್ನೊಂದು ಸಲವಾಗಿದ್ದರೆ ಕೇಳುತ್ತಿದ್ದನೋ ಏನೋ. ಈಗ ಮುಂದಿನ ತುತ್ತು ಕಲಸಿಕೊಂಡ.

ಅವನ ಪರವಾಗಿ ಒಬ್ಬ ವಕೀಲಮ್ಮ ನಿಂತಿದ್ದಳು. ಮಾತು ಚುರುಕು, ನಡಿಗೆ ಇನ್ನೂ ಚುರುಕು. ಆಸ್ಪತ್ರೆಯ ಡಾಕ್ಟರನ್ನು ಕರೆಸಿ, ಎದೆ ಒತ್ತುವಾಗ ಪಕ್ಕೆಲುಬು ಮುರಿಯುವುದು ಸಾಮಾನ್ಯ, ಒತ್ತದೆ ಇದ್ದಿದ್ದರೆ ಈ ಮನುಷ್ಯ ಇಲ್ಲಿ ನಿಂತಿರುತ್ತಿರಲಿಲ್ಲ ಎಂದು ಹೇಳಿಸಿದ್ದಳು. ಆದರೂ ಸೀಟಿ ಮಾಮನ ಹೆದರಿಕೆ ಹೋಗಿರಲಿಲ್ಲ.

ತೀರ್ಪಿನ ದಿನ ಹೆಂಡತಿ ಬರುತ್ತೇನೆಂದು ಹಟ ಹಿಡಿದಳು. ‘ನಿನ್ನ ಎದುರಿಗೆ ಏನಾದ್ರೂ ಅಂದ್ರೆ ನಾನು ತಡಕೊಳ್ಳಲಾರೆ, ಬೇಡ’ ಎಂದು ಕೈ ಮುಗಿದು ಬಿಟ್ಟು ಬಂದ. ಅಕ್ಕನ ಶಾಲೆಯಲ್ಲಿ ಕ್ರೀಡಾದಿನದ ತಾಲೀಮು, ಅವಳೂ ಬರುವಂತಿರಲಿಲ್ಲ. ಫೋನು ಆರಿಸಿ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಜಡ್ಜಮ್ಮ ಕನ್ನಡಕ ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಸರಸರ ಓದಿದರು. ಅವನಿಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಪೂಲ್ ಅಂದರು, ಲೈಫ್‌ಗಾರ್ಡ್ ಅಂದರು, ಅವನ ಹೆಸರು ಹೇಳಿದರು. ಅದರ ಬೆನ್ನಿಗೇ ‘ಡಿಸ್‌ಮಿಸ್ಡ್’ ಎಂದು ಫೈಲು ಮುಚ್ಚಿದರು.

ಕಿವಿಯಲ್ಲಿ ನೀರು ತುಂಬಿದ ಹಾಗಾಯಿತು. ಎದುರಿನ ವಕೀಲ ಏನೋ ಅನ್ನುತ್ತಿದ್ದ, ವಕೀಲಮ್ಮ ಆ ವಕೀಲನ ಕಡೆ ತಿರುಗಿ ಜೋರಾಗಿ ಉತ್ತರಿಸುತ್ತಿದ್ದಳು, ಆಗಲೇ ಮುಂದಿನ ಕೇಸನ್ನು ಕೂಗಿದರು, ಜನ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಸೀಟಿ ಮಾಮ ಎದ್ದು ಹೊರಗೆ ಬಂದುಬಿಟ್ಟ. ಯಾರನ್ನು ಕೇಳುವುದು, ಏನಂತ ಕೇಳುವುದು? ಆ ಪದದ ಅರ್ಥ ಅವನಿಗೆ ಎಳವೆಯಿಂದ ಗೊತ್ತಿತ್ತು.

ಕಾಲು ತಾನಾಗಿಯೇ ಈಜುಕೊಳದ ಬೀದಿಗೆ ತಿರುಗಿತು. ಕಾಂಪೌಂಡಿನ ಆಚೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಗೇಟಿನ ಹತ್ತಿರ ನಿಂತ, ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮನೆಗೆ ಹೋಗೋಣವೆಂದು ಹೊರಟ. ಅರ್ಧ ದಾರಿಯಲ್ಲಿ ತಾನು ಗೋಡೆ ಬದಿಗೆ ಸರಿದು ನಡೆಯುತ್ತಿದ್ದೇನೆಂದು ಗಮನಕ್ಕೆ ಬಂತು. ಗಕ್ಕನೆ ನಿಂತ. ಈ ನಡಿಗೆಯಲ್ಲಿ ಹೆಂಡತಿಯ ಎದುರಿಗೆ ಹೋಗಲಾರೆ ಅನಿಸಿತು. ಇದನ್ನು ಹೇಳಿಕೊಳ್ಳಬಹುದಾದ ಜೀವ ಲೋಕದಲ್ಲಿ ಒಂದೇ ಇತ್ತು. ಅಕ್ಕನ ಶಾಲೆಯ ದಾರಿ ಹಿಡಿದ.

ಶಾಲೆಯ ಮೈದಾನದಲ್ಲಿ ಹುಡುಗಿಯರು ಸಾಲುಸಾಲಾಗಿ ನಿಂತಿದ್ದರು. ಎದುರಿಗೆ ಟೋಪಿ ಹಾಕಿಕೊಂಡು ಅಕ್ಕ. ಅವನು ನಲ್ಲಿಕಟ್ಟೆಯ ಮೇಲೆ ಕೂತ. ಅಕ್ಕನ ಗಂಟಲು ಯಾವಾಗಲೂ ದೊಡ್ಡದು. ಅದು ಮೈದಾನದ ಆ ತುದಿಗೂ ಮುಟ್ಟುವ ಹಾಗೆ ಎದ್ದಿತು:

‘ಸ್ಕೂಲ್... ಡಿಸ್‌ಮಿಸ್!’

ಸಾಲುಗಳು ಒಡೆದವು. ಹೋ ಎಂದು ಕೂಗುತ್ತಾ, ಒಬ್ಬರ ಹೆಗಲ ಮೇಲೊಬ್ಬರು ಬೀಳುತ್ತಾ, ಚೀಲಗಳನ್ನು ಬಾಚಿಕೊಂಡು ಅಷ್ಟೂ ಹುಡುಗಿಯರು ಗೇಟಿನ ಕಡೆ ಓಡಿದರು. ಕೊನೆಗೆ ಉಳಿದದ್ದು ಅಕ್ಕ ಮತ್ತು ಧೂಳು.

ತಮ್ಮನನ್ನು ಕಂಡವಳೇ ಬಿರಬಿರನೆ ಬಂದಳು. ‘ಏನೋ ಇದು? ಮುಖ ಯಾಕೋ ಹೀಗಿದೆ? ಏನಾಯ್ತು ಕೋರ್ಟಲ್ಲಿ?’

‘ಅಕ್ಕಾ...’ ಎಂದ. ‘ಅಪ್ಪನಿಗೆ ಆದ ಹಾಗೇ ಆಯ್ತು.’

‘ಬಿಡಿಸಿ ಹೇಳೋ.’

‘ಜಡ್ಜಮ್ಮ ನನ್ನ ಹೆಸರು ಓದಿ ಡಿಸ್‌ಮಿಸ್ಡ್ ಅಂದ್ರು. ಎಲ್ಲರ ಎದುರಿಗೆ ಅಂದ್ರು.’

ಅಕ್ಕ ಅವನನ್ನೇ ನೋಡಿದಳು. ‘ವಕೀಲಮ್ಮ ಏನಂದ್ಲು?’

‘ಕೇಳಲಿಲ್ಲ. ಎದ್ದು ಬಂದ್ಬಿಟ್ಟೆ.’

‘ನಿನ್ನ ಹೆಸರಿನ ಹಿಂದೆ ಮುಂದೆ ಏನಾದ್ರೂ ಅಂದ್ರಾ? ನೆನಪು ಮಾಡ್ಕೊ. ಸೂಟ್ ಅಂದ್ರಾ?’

ಅವನು ಹಣೆ ಉಜ್ಜಿಕೊಂಡ. ‘ಸೂಟ್ ಅಂದ ಹಾಗಿತ್ತು. ನಾನು ಬಟ್ಟೆ ವಿಷಯ ಅಂದ್ಕೊಂಡೆ. ಅಲ್ಲಿ ಎಲ್ಲರೂ ಕರೀ ಕೋಟು ಹಾಕ್ಕೊಂಡಿದ್ರಲ್ಲ.’

ಅಕ್ಕನಿಗೆ ನಗು ಉಕ್ಕಿತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಟೋಪಿ ತೆಗೆದು ಅದರಿಂದಲೇ ತಮ್ಮನ ಬೆನ್ನಿಗೆ ಒಂದು ಬಾರಿಸಿದಳು. ‘ಲೋ ಪೆದ್ದೇ! ಸೂಟ್ ಅಂದ್ರೆ ದಾವೆ ಕಣೋ! ಡಿಸ್‌ಮಿಸ್ ಮಾಡಿರೋದು ನಿನ್ನನ್ನಲ್ಲ, ಅವನ ದಾವೇನ! ಹೋಗಯ್ಯಾ ಆಚೆ ಅಂತ ಕಳಿಸಿದ್ದಾರೆ!’

ಅವನು ನಂಬಲಿಲ್ಲ. ‘ಸಮಾಧಾನಕ್ಕೆ ಹೇಳ್ಬೇಡ’ ಎಂದ. ಅಕ್ಕ ಅವನ ಜೇಬಿನಿಂದ ಫೋನು ಕಸಿದು, ಆರಿದ್ದನ್ನು ಹಚ್ಚಿ, ವಕೀಲಮ್ಮನಿಗೆ ಕರೆ ಮಾಡಿದಳು. ಆ ಕಡೆಯಿಂದ ಬಂದ ದನಿ ಅಕ್ಕನ ದನಿಗಿಂತ ದೊಡ್ಡದಾಗಿತ್ತು. ‘ಎಲ್ರೀ ಹೋಗಿಬಿಟ್ರಿ ನೀವು? ಗೆದ್ದು ತಿರುಗಿ ನೋಡ್ತೀನಿ, ಬೆಂಚು ಖಾಲಿ! ಕೋರ್ಟಿನ ಕ್ಯಾಂಟೀನು, ಬಸ್ ಸ್ಟಾಂಡು ಎಲ್ಲಾ ಹುಡುಕಿಸಿದೆ. ನಿಮ್ಮ ಮನೆಯವರು ನನಗೆ ಬೈತಾ ಇದ್ದಾರೆ, ಗಂಡನ್ನ ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ! ನಿಮ್ಮ ಮೇಲಿನ ದಾವೆ ಪೂರ್ತಿ ವಜಾ ಆಗಿದೆ, ಕೇಳಿಸ್ತಾ? ನೀವು ಮಾಡಿದ್ದು ಸರಿ ಅಂತ ಜಡ್ಜು ಬರೆದಿದ್ದಾರೆ.’

ಕೇಳಿಸಿತು. ಅಪ್ಪ ಸತ್ತಾಗಲೂ ಅಳದ ಮನುಷ್ಯ ನಲ್ಲಿಯ ನೀರು ಮುಖಕ್ಕೆ ಎರಚಿಕೊಳ್ಳುವ ನೆಪದಲ್ಲಿ ಚೆನ್ನಾಗಿ ಅತ್ತ. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದು ಇಳಿದು ಹೋದ ಹಾಗಾಗಿ, ಉಸಿರು ಹೊಟ್ಟೆಯ ತಳದವರೆಗೂ ಹೋಗಿ ಬಂತು.

ಶಿಕ್ಷಕಿಯರ ಕೋಣೆಯಲ್ಲಿ ಇನ್ನೂ ಒಬ್ಬರು ಉಳಿದಿದ್ದರು, ಇಂಗ್ಲಿಷ್ ಮೇಡಂ. ಬೆಳ್ಳಗಿನ ತಲೆ, ಬೆರಳ ತುದಿಯಲ್ಲಿ ಸೀಮೆಸುಣ್ಣ. ಅಕ್ಕ ತಮ್ಮನನ್ನು ಅಲ್ಲಿಗೆ ಕರೆದೊಯ್ದು ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ನಕ್ಕು ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟು, ‘ಈ ಪದದ ಜೊತೆ ನಿಮ್ಮ ಮನೆಯವರದ್ದು ಹಳೇ ಜಗಳ, ಗೊತ್ತು ನನಗೆ’ ಎಂದರು. ‘ನಿಮ್ಮಕ್ಕ ಕೆಲಸಕ್ಕೆ ಸೇರಿದ ದಿನ ಡ್ರಿಲ್ ಎಲ್ಲಾ ಮುಗಿಸಿದ್ಲು, ಕೊನೇ ಮಾತು ಮಾತ್ರ ಬಾಯಿಂದ ಬರಲೊಲ್ಲದು. ಮಕ್ಕಳು ಬಿಸಿಲಲ್ಲಿ ಹಂಗೇ ಕಂಬದ ಥರ ನಿಂತಿದ್ರು. ನಾನೇ ಕಿಟಕಿಯಿಂದ ಡಿಸ್‌ಮಿಸ್ ಅಂತ ಕಿರುಚಬೇಕಾಯ್ತು.’

‘ನನಗೆ ಹೇಳಲೇ ಇಲ್ಲ ನೀನು’ ಎಂದ ತಮ್ಮ.

‘ಹೇಗೋ ಹೇಳೋದು? ಅಪ್ಪ ಇದ್ದ ಮನೇಲಿ?’ ಎಂದಳು ಅಕ್ಕ. ‘ಆಮೇಲೆ ಮೇಡಂ ಕೂರಿಸಿಕೊಂಡು ಅದರ ಹುಟ್ಟುಮೂಲ ಹೇಳಿದ್ರು. ಅಲ್ಲಿಂದ ಸ್ವಲ್ಪ ಹಗುರ ಆಯ್ತು.’

‘ನನಗೂ ಹೇಳಿ ಮೇಡಂ’ ಎಂದ ಅವನು. ಇಷ್ಟು ವರ್ಷ ಹೆದರಿದ್ದು ಯಾವುದಕ್ಕೆ ಎಂದು ತಿಳಿದುಕೊಳ್ಳುವ ಆಸೆ ಅವನಿಗೆ ನಿಜವಾಗಿಯೂ ಹುಟ್ಟಿತ್ತು.

ಮೇಡಂ ಬೆರಳಿನ ಸುಣ್ಣ ಒರೆಸಿಕೊಂಡರು. ‘ಲ್ಯಾಟಿನ್ ಅಂತ ಹಳೇ ಭಾಷೆ. ಅದರಲ್ಲಿ ಮಿಟ್ಟೆರೆ ಅಂದ್ರೆ ಕಳಿಸೋದು. ಹೋಗಗೊಡೋದು ಅಂತಲೂ ಹೌದು. ಅದಕ್ಕೆ ಮುಂದುಗಡೆ ಡಿಸ್ ಸೇರಿದ್ರೆ, ದೂರಕ್ಕೆ, ಬೇರೆಬೇರೆ ಕಡೆಗೆ ಕಳಿಸೋದು ಅಂತಾಗುತ್ತೆ. ಸಭೆ ಮುಗಿದ ಮೇಲೆ ಜನರನ್ನ ಅವರವರ ದಾರಿಗೆ ಬಿಡೋದು, ಸೈನ್ಯ ಚದುರಿಸಿ ಕಳಿಸೋದು, ಹಿಡಿದಿಟ್ಟೋರನ್ನ ಬಿಟ್ಟು ಕಳಿಸೋದು, ಎಲ್ಲದಕ್ಕೂ ಆಗಿನೋರು ಅದೇ ಮಾತಿನ ಹಳೇ ರೂಪ ಬಳಸ್ತಿದ್ರು. ಕೆಲಸದಿಂದ ತೆಗೆಯೋದು ಅನ್ನೋದು ಅದರ ಹತ್ತಾರು ಅರ್ಥದಲ್ಲಿ ಒಂದು.’

‘ನಮ್ಮಪ್ಪನ ಪಾಲಿಗೆ ಆ ಒಂದೇ ಬಂತು.’

‘ಹೌದಪ್ಪಾ. ಅದಕ್ಕೆ ನಾನು ಏನೂ ಹೇಳಲಾರೆ’ ಎಂದು ಮೇಡಂ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಆಮೇಲೆ, ‘ನಮ್ಮ ಮಾತೇನು ಕಮ್ಮಿಯಾ? ಮನೆಗೆ ಕಳಿಸಿದ್ರು ಅಂತೀವಿ. ಆಸ್ಪತ್ರೆಯೋರು ಮನೆಗೆ ಕಳಿಸಿದ್ರೆ ಕುಣೀತೀವಿ, ಆಫೀಸಿನೋರು ಮನೆಗೆ ಕಳಿಸಿದ್ರೆ ತಲೆ ಮೇಲೆ ಕೈ ಹೊತ್ಕೋತೀವಿ. ಮಾತು ಅದೇ ತಾನೆ? ಯಾರು, ಯಾರನ್ನ, ಎಲ್ಲಿಂದ ಕಳಿಸಿದ್ರು ಅಂತ ಪೂರ್ತಿ ಕೇಳಿಸಿಕೊಂಡು ಎದ್ದು ಬರಬೇಕಿತ್ತು ನೀವು’ ಎಂದು ಕಣ್ಣು ಮಿಟುಕಿಸಿದರು. ‘ಆ ಮಿಟ್ಟೆರೆಯ ಸಂತಾನ ದೊಡ್ಡದು. ಒಳಗೆ ಕಳಿಸಿಕೊಂಡ್ರೆ ಅಡ್ಮಿಟ್, ಹೋಗೋಕೆ ಬಿಟ್ರೆ ಪರ್ಮಿಟ್. ಎಲ್ಲಾ ಅಣ್ಣತಮ್ಮಂದಿರೇ.’

ಸೀಟಿ ಮಾಮ ಚಹಾ ಲೋಟ ಕೆಳಗಿಟ್ಟ. ‘ಹಾಗಾದ್ರೆ ಮೇಡಂ, ಟೈಲ್ಸ್ ಅಂಗಡಿಯೋನು ಪರ್ಮಿಟ್ ಇಲ್ಲದೆ ನೀರಿಗಿಳಿದ, ಆಸ್ಪತ್ರೇಲಿ ಅಡ್ಮಿಟ್ ಆದ, ಕೋರ್ಟಲ್ಲಿ ಡಿಸ್‌ಮಿಸ್ ಆದ. ಅಣ್ಣತಮ್ಮಂದಿರ ಎಲ್ಲರ ಮನೆಗೂ ಹೋಗಿ ಬಂದ ಅನ್ನಿ!’

ಮೂವರೂ ನಕ್ಕದ್ದು ಗೇಟಿನ ಹತ್ತಿರವಿದ್ದ ಜವಾನನಿಗೂ ಕೇಳಿಸಿತಂತೆ. ತಿಂಗಳುಗಳ ನಂತರ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು.

ಮನೆಯ ಬಾಗಿಲಲ್ಲೇ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಸುದ್ದಿ ಅವಳಿಗೆ ಅವನಿಗಿಂತ ಮೊದಲೇ ಗೊತ್ತಿತ್ತು. ಗಂಡ ಮಾತ್ರ ನಾಪತ್ತೆ. ಕತೆ ಕೇಳಿ ಬೈಗುಳ ಅರ್ಧಕ್ಕೇ ನಿಂತಿತು. ‘ಇನ್ನೊಂದು ಸಲ ಹೀಗೆ ಹೇಳದೆ ಕೇಳದೆ ಹೋದ್ರೆ, ನಾನು ಮಾಡೋ ಡಿಸ್‌ಮಿಸ್‌ಗೆ ಯಾವ ಮೇಡಮ್ಮೂ ಅರ್ಥ ಹುಡುಕಿಕೊಡಲ್ಲ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆ ದಿನ ಅವನು ಎರಡು ಸಲ ಬಡಿಸಿಕೊಂಡು ಉಂಡ. ಉಂಡವನು ಮಾತಿನ ನಡುವೆಯೇ ನಿದ್ದೆಹೋದ.

ವಾರ ಕಳೆಯುವಷ್ಟರಲ್ಲಿ ನಗರಸಭೆಯ ಅಧಿಕಾರಿ ಅವನನ್ನು ಕುರ್ಚಿಗೆ ಮರಳಿಸಿದ. ಹಳೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಟೈಲ್ಸ್ ಅಂಗಡಿಯವನು ಮುಖ ತೋರಿಸಲಿಲ್ಲ. ಮೇಲಿನ ಕೋರ್ಟಿಗೂ ಹೋಗಲಿಲ್ಲ. ಆದರೆ ಒಂದು ಬೆಳಗ್ಗೆ ಕೋಲೂರಿಕೊಂಡು ಅವನ ತಾಯಿ ಬಂದಳು. ಒದ್ದೆ ನೆಲದ ಮೇಲೆ ಜಾರದ ಹಾಗೆ ಸೀಟಿ ಮಾಮನೇ ಕೈ ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದ. ಆಕೆ ಹಿಡಿದ ಕೈ ಬಿಡದೆ, ಅವನ ಅಂಗೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡು ಕೂತಳು.

‘ಈ ಕೈಯೇನಪ್ಪಾ?’

‘ಹೌದು ಅಮ್ಮಾ.’

‘ಪಕ್ಕೆಲುಬು ಕೂಡಿಕೊಂಡಿದೆ, ಚೆನ್ನಾಗಿದ್ದಾನೆ. ನಾಚಿಕೆಗೆ ಬರ್ಲಿಲ್ಲ. ಯಾರೋ ಕಿವಿ ಕಚ್ಚಿದ್ರು, ಇವನಿಗೆ ಬುದ್ಧಿ ಇರಲಿಲ್ಲ. ನಾನು ನೋಡಿಕೊಂಡು ಹೋಗೋಣ ಅಂತ ಬಂದೆ.’

‘ಒಂದು ಸಲ ಬರೋಕೆ ಹೇಳಿ ಅಮ್ಮಾ. ಮೊಣಕಾಲುದ್ದದ ನೀರಿಂದ ಶುರು ಮಾಡಿ ಕಲಿಸ್ತೀನಿ’ ಎಂದ ಅವನು. ಬಾಯಿಮಾತಿಗೆ ಅಂದದ್ದಲ್ಲ. ಆಕೆ ಬಹಳ ಹೊತ್ತು ಮಕ್ಕಳ ಆಟ ನೋಡುತ್ತ ಕೂತಿದ್ದು ಹೋದಳು.

ಆ ಸಂಜೆ ಎಲ್ಲರೂ ಹೋದ ಮೇಲೆ ಅವನು ಬಹಳ ದಿನಗಳ ನಂತರ ತನ್ನ ಖುಷಿಗೆಂದು ನೀರಿಗಿಳಿದ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಈಜಿ, ಬೆನ್ನ ಮೇಲೆ ತಿರುಗಿ ಕೈಕಾಲು ಸಡಿಲ ಬಿಟ್ಟು ತೇಲಿದ. ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದ ಹೆಂಡತಿ ಅಂಚಿನಲ್ಲಿ ಕೂತು, ಪಾದ ನೀರಿಗೆ ಇಳಿಬಿಟ್ಟುಕೊಂಡು, ‘ಬರ್ತೀರೋ ಇಲ್ಲವೋ? ನನಗೆ ಹಸಿವು!’ ಎಂದು ಕರೆಯುತ್ತಿದ್ದಳು. ಕೇಳಿಸಿದರೂ ಕೇಳಿಸದವನ ಹಾಗೆ ಅವನು ಇನ್ನೊಂದು ಸುತ್ತು ಹೋದ.